ಕೂಡಿದ ಮೇಲೆ ಕಡಿಮೆಯಾದ ಲೆಕ್ಕ

ಅಣ್ಣನ ಮಗಳಿಗೆ ಆಗ ಹತ್ತು ವರ್ಷ. ಒಂದು ಸಂಜೆ ಗಣಿತದ ನೋಟ್‌ಬುಕ್ ತಂದು ನನ್ನ ಮುಂದೆ ತೆರೆದಿಟ್ಟಳು. ದುಂಡಗಿನ ಅಕ್ಷರದಲ್ಲಿ 3/4 + 1/2 = 4/6 ಎಂದು ಬರೆದಿದ್ದಳು. ಅದರ ಮೇಲೆ ಕೆಂಪು ಶಾಯಿಯ ಅಡ್ಡಗೆರೆ ಬಿದ್ದಿತ್ತು. "ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸರಿಯಾಗಿಯೇ ಕೂಡಿದ್ದೇನೆ ಅತ್ತೆ. ಇದು ಯಾಕೆ ತಪ್ಪು?" ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ತನಗೆ ಅನ್ಯಾಯವಾಗಿದೆ ಎಂಬ ನೋವಿತ್ತು.

"ಛೇದಗಳನ್ನು ಸಮ ಮಾಡಿಕೊಂಡು ಆಮೇಲೆ ಕೂಡಬೇಕು" ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನನಗೂ ಹಾಗೆಯೇ ಹೇಳಿಕೊಟ್ಟಿದ್ದರು. ನಾನೂ ಅದನ್ನು ಬಾಯಿಪಾಠ ಮಾಡಿ ಅಂಕ ಪಡೆದಿದ್ದೆ. ಆದರೆ ಅವಳು ಕೇಳಿದ್ದು ಹೇಗೆ ಮಾಡಬೇಕು ಎಂದಲ್ಲ, ಯಾಕೆ ತಪ್ಪು ಎಂದು. ಮಾತನ್ನು ನುಂಗಿಕೊಂಡೆ.

ಒಂದು ಹಾಳೆಯಿಂದ ಒಂದೇ ಉದ್ದದ ಮೂರು ಪಟ್ಟಿಗಳನ್ನು ಕತ್ತರಿಸಿಕೊಂಡೆವು. ಮೊದಲನೆಯದನ್ನು ಅವಳು ಎರಡು ಸಲ ಮಡಚಿ ನಾಲ್ಕು ಭಾಗ ಮಾಡಿ, ಮೂರು ಭಾಗ ಮುಗಿಯುವಲ್ಲಿ ಗೆರೆ ಎಳೆದಳು. ಎರಡನೆಯದನ್ನು ಸರಿಯಾಗಿ ಅರ್ಧಕ್ಕೆ ಮಡಚಿದಳು. ಮೂರನೆಯದು ಕಷ್ಟವಾಯಿತು. ಮೊದಲು ಮೂರು ಪದರ ಮಾಡಿ, ಅಂಚುಗಳನ್ನು ಹೊಂದಿಸಿ, ಅದನ್ನು ಮತ್ತೆ ಅರ್ಧಕ್ಕೆ ಮಡಚಿದಾಗ ಆರು ಭಾಗಗಳಾದವು. ನಾಲ್ಕು ಭಾಗ ಮುಗಿಯುವಲ್ಲಿ ಗೆರೆ. ಮೂರನ್ನೂ ಮೇಜಿನ ಮೇಲೆ ಒಂದರ ಕೆಳಗೊಂದು ಎಡತುದಿ ಹೊಂದಿಸಿ ಇಟ್ಟೆವು. ನಾನು ಏನೂ ಹೇಳಲಿಲ್ಲ. ಅವಳ ಬೆರಳು ಮೊದಲ ಪಟ್ಟಿಯ ಗೆರೆಯಿಂದ ಮೂರನೆಯ ಪಟ್ಟಿಯ ಗೆರೆಗೆ ಇಳಿದು ಅಲ್ಲೇ ನಿಂತಿತು. 4/6ರ ಗೆರೆ 3/4ರ ಗೆರೆಗಿಂತ ಹಿಂದೆ ಇತ್ತು.

"ಕೂಡಿದ ಮೇಲೆ ಕಡಿಮೆಯಾಯಿತಲ್ಲ ಅತ್ತೆ!"

ಆ ಒಂದು ಉದ್ಗಾರ ನನ್ನನ್ನು ಎಷ್ಟೋ ದಿನ ಯೋಚನೆಗೆ ಹಚ್ಚಿತು. ಕೆಂಪು ಗೆರೆ ಹೇಳಲಾಗದ್ದನ್ನು ಕಾಗದದ ಪಟ್ಟಿ ಹೇಳಿತ್ತು. ಇಲ್ಲ, ಪಟ್ಟಿಯೂ ಹೇಳಲಿಲ್ಲ, ಅವಳೇ ನೋಡಿಕೊಂಡಳು. ನಾಲ್ಕು, ಐದು, ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಏನು ಕಲಿಯಬೇಕು ಎಂದು ಯಾರಾದರೂ ಕೇಳಿದರೆ ಇಂದಿಗೂ ನನಗೆ ಮೊದಲು ನೆನಪಾಗುವುದು ಅವಳ ಆ ಮಾತೇ. ತಾನು ಬರೆದ ಉತ್ತರ ಆಗಬಹುದಾದದ್ದೇ, ಆಗಲಾರದ್ದೇ ಎಂದು ಮಗು ತಾನೇ ನೋಡಿ ಹೇಳುವಂತಾಗಬೇಕು. ಆ ವಯಸ್ಸಿನ ಗಣಿತದಲ್ಲಿ ಉಳಿದದ್ದೆಲ್ಲವನ್ನೂ ನಾನು ಈ ಒಂದು ಅಳತೆಗೋಲಿನಿಂದ ಅಳೆಯುತ್ತೇನೆ.

ಒಂಬತ್ತರಿಂದ ಹನ್ನೆರಡರವರೆಗಿನ ಈ ಮೂರು ವರ್ಷಗಳನ್ನು ನಾವು ದೊಡ್ಡವರು ಸಾಮಾನ್ಯವಾಗಿ ದೊಡ್ಡ ಲೆಕ್ಕಗಳ ವರ್ಷಗಳು ಎಂದುಕೊಂಡಿದ್ದೇವೆ. ಎರಡಂಕಿಯ ಗುಣಾಕಾರ ಹೋಗಿ ನಾಲ್ಕಂಕಿಯದು ಬರುತ್ತದೆ, ಒಂದಂಕಿಯ ಭಾಜಕ ಹೋಗಿ ಮೂರಂಕಿಯದು ಬರುತ್ತದೆ, ಪುಟ ತುಂಬುತ್ತದೆ. ನಿಜವಾಗಿ ಈ ವಯಸ್ಸಿನಲ್ಲಿ ಬದಲಾಗಬೇಕಾದದ್ದು ಸಂಖ್ಯೆ ಎಂಬ ಮಾತಿನ ಅರ್ಥವೇ. ಅಲ್ಲಿಯವರೆಗೆ ಸಂಖ್ಯೆ ಎಂದರೆ ಎಣಿಕೆ: ಒಂದರ ನಂತರ ಎರಡು, ಎರಡರ ನಂತರ ಮೂರು, ನಡುವೆ ಏನೂ ಇಲ್ಲ. ಈಗ ಸಂಖ್ಯೆ ಅಳತೆಯಾಗುತ್ತದೆ, ಹೋಲಿಕೆಯಾಗುತ್ತದೆ. ಎರಡು ಮತ್ತು ಮೂರರ ನಡುವೆ ಕೊನೆಯಿಲ್ಲದಷ್ಟು ಸಂಖ್ಯೆಗಳಿವೆ ಎಂದು ತಿಳಿಯುವುದು ಸಣ್ಣ ಸಂಗತಿಯಲ್ಲ. ಆ ಬದಲಾವಣೆ ಮನಸ್ಸಿನಲ್ಲಿ ಆಗದೆ ಮಗು ಮುಂದಿನ ತರಗತಿಗೆ ಹೋದರೆ, ಬೀಜಗಣಿತದ ಬಾಗಿಲಲ್ಲಿ ಎಡವುತ್ತದೆ. ತನಗೆ ಗಣಿತ ಬರುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿಬಿಡುತ್ತದೆ.

ಇದು ನನ್ನೊಬ್ಬಳ ಅನಿಸಿಕೆಯಲ್ಲ. ಮನಶ್ಶಾಸ್ತ್ರಜ್ಞ ರಾಬರ್ಟ್ ಸೀಗ್ಲರ್ ಮತ್ತು ಅವರ ಸಂಗಡಿಗರು ಬ್ರಿಟನ್ ಮತ್ತು ಅಮೆರಿಕದ ಮಕ್ಕಳ ದೀರ್ಘಕಾಲದ ದಾಖಲೆಗಳನ್ನು ಪರಿಶೀಲಿಸಿ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹತ್ತರಿಂದ ಹನ್ನೆರಡರ ವಯಸ್ಸಿನಲ್ಲಿ ಮಗುವಿಗೆ ಭಿನ್ನರಾಶಿ ಮತ್ತು ಭಾಗಾಕಾರ ಎಷ್ಟು ತಿಳಿದಿದೆ ಎಂಬುದು, ಐದಾರು ವರ್ಷಗಳ ನಂತರ ಪ್ರೌಢಶಾಲೆಯ ಗಣಿತ ಅದಕ್ಕೆ ಎಷ್ಟು ಒಲಿಯುತ್ತದೆ ಎಂಬುದರ ಮುನ್ಸೂಚನೆಯಾಗಿತ್ತು. ಬುದ್ಧಿಮತ್ತೆ, ಮನೆಯವರ ಓದು, ಆದಾಯ ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ನಂಟು ಉಳಿಯಿತು. ಕೂಡುವುದು, ಕಳೆಯುವುದು, ಗುಣಿಸುವುದರಲ್ಲಿ ಇದ್ದ ಚುರುಕು ಅಷ್ಟರಮಟ್ಟಿನ ಸೂಚನೆ ಕೊಡಲಿಲ್ಲ. ಹಾಗಾಗಿ ಭಿನ್ನರಾಶಿಯ ಬಗ್ಗೆ ನಾನು ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ.

1978ರಲ್ಲಿ ಅಮೆರಿಕದ ರಾಷ್ಟ್ರಮಟ್ಟದ ಮೌಲ್ಯಮಾಪನವೊಂದರಲ್ಲಿ ಹದಿಮೂರು ವರ್ಷದ ಮಕ್ಕಳಿಗೆ 12/13 + 7/8 ಸುಮಾರು ಎಷ್ಟು ಎಂದು ಕೇಳಿದರು. ಕರಾರುವಾಕ್ಕಾದ ಉತ್ತರ ಬೇಕಿರಲಿಲ್ಲ. 1, 2, 19, 21 ಇವುಗಳಲ್ಲಿ ಹತ್ತಿರದ್ದನ್ನು ಆರಿಸಿದರೆ ಸಾಕಿತ್ತು. 12/13 ಎಂದರೆ ಒಂದಕ್ಕೆ ಕೂದಲೆಳೆಯಷ್ಟು ಕಡಿಮೆ. 7/8 ಕೂಡ ಒಂದಕ್ಕೆ ಹತ್ತಿರ. ಎರಡೂ ಸೇರಿದರೆ ಎರಡರ ಹತ್ತಿರ ಬರಬೇಕು. 2 ಎಂದು ಹೇಳಿದವರು ಶೇಕಡಾ 24 ಮಾತ್ರ. ಅರ್ಧಕ್ಕಿಂತ ಹೆಚ್ಚು ಮಕ್ಕಳು 19 ಅಥವಾ 21ನ್ನು ಆರಿಸಿದ್ದರು, ಅಂದರೆ ಮೇಲಿನ ಅಂಕಿಗಳನ್ನೋ ಕೆಳಗಿನ ಅಂಕಿಗಳನ್ನೋ ಕೂಡಿಬಿಟ್ಟಿದ್ದರು. ಇದನ್ನು ಓದಿದಾಗ ನನಗೆ ಬಹಳ ಸಂಕಟವಾಯಿತು. ಆ ಮಕ್ಕಳು ದಡ್ಡರಾಗಿರಲಿಲ್ಲ. ಅವರ ಕಣ್ಣಿಗೆ 12/13 ಒಂದು ಸಂಖ್ಯೆಯಾಗಿ ಕಾಣಲೇ ಇಲ್ಲ. ಗೆರೆಯ ಮೇಲೊಂದು, ಗೆರೆಯ ಕೆಳಗೊಂದು, ಒಟ್ಟು ಎರಡು ಸಂಖ್ಯೆಗಳಾಗಿ ಕಂಡಿತು.

ಭಿನ್ನರಾಶಿಯೂ ಒಂದೇ ಒಂದು ಸಂಖ್ಯೆ, ಸಂಖ್ಯಾರೇಖೆಯ ಮೇಲೆ ಅದಕ್ಕೂ ತನ್ನದೇ ಆದ ಒಂದು ಜಾಗವಿದೆ ಎಂಬುದು ಮಗುವಿಗೆ ಮೊದಲು ಮನದಟ್ಟಾಗಬೇಕು. ನಾವು ಮಾತ್ರ ಹೆಚ್ಚಾಗಿ ವೃತ್ತ ಬರೆದು, ಹೋಳು ಮಾಡಿ, ಬಣ್ಣ ತುಂಬಿಸಿ ಅಲ್ಲಿಗೇ ನಿಲ್ಲಿಸುತ್ತೇವೆ. ಎಂಟು ಹೋಳುಗಳಲ್ಲಿ ಮೂರಕ್ಕೆ ಬಣ್ಣ ತುಂಬಿದ ಮಗು 3/8 ಎಂದು ಬರೆಯುತ್ತದೆ, ಆದರೆ ಅದು ಮಾಡಿದ್ದು ಎರಡು ಎಣಿಕೆ ಅಷ್ಟೆ. ಅದೇ ಮಗುವಿಗೆ 9/8ಕ್ಕೆ ಬಣ್ಣ ತುಂಬು ಎಂದರೆ ಕೈ ಕಟ್ಟಿಹೋಗುತ್ತದೆ. ಎಂಟು ಹೋಳುಗಳಲ್ಲಿ ಒಂಬತ್ತು ಎಲ್ಲಿಂದ ತರುವುದು? ರೇಖೆಯ ಮೇಲೆ ಈ ತೊಡಕಿಲ್ಲ. ಒಂದನ್ನು ಎಂಟು ಸಮಭಾಗ ಮಾಡಿ, ಅಂಥ ಒಂದು ಹೆಜ್ಜೆಯ ಅಳತೆಯಲ್ಲಿ ಒಂಬತ್ತು ಹೆಜ್ಜೆ ನಡೆದರೆ ಒಂದನ್ನು ದಾಟಿ ಒಂದು ಹೆಜ್ಜೆ ಮುಂದೆ ನಿಲ್ಲುತ್ತೇವೆ.

ಇದನ್ನು ಹೇಳಲು ನಮ್ಮ ಭಾಷೆಯಲ್ಲೇ ಒಳ್ಳೆಯ ದಾರಿ ಇದೆ. ಮುಕ್ಕಾಲು ಎಂದರೆ ಮೂರು ಕಾಲು. ಕಾಲು ಎಂಬುದು ಭಾಗದ ಹೆಸರು, ಮೂರು ಎಂಬುದು ಎಣಿಕೆ. ಛೇದ ಹೆಸರಿಡುತ್ತದೆ, ಅಂಶ ಎಣಿಸುತ್ತದೆ. ಅರೆಕಾಲು ಎಂದರೆ ಕಾಲಿನ ಅರ್ಧ, ಎಂಟರಲ್ಲಿ ಒಂದು. ಭಿನ್ನರಾಶಿಗಳ ಗುಣಾಕಾರ ಆ ಒಂದು ಪದದಲ್ಲೇ ಅಡಗಿ ಕುಳಿತಿದೆ. ಅಣ್ಣನ ಮಗಳಿಗೆ ಇದನ್ನು ಹೇಳಿ, "ಮೂರು ಕಾಲಿಗೆ ಒಂದು ಅರ್ಧ ಸೇರಿಸಿದರೆ ಎಷ್ಟು?" ಎಂದೆ. "ಅರ್ಧ ಎಂದರೆ ಎರಡು ಕಾಲು. ಮೂರು ಕಾಲು, ಎರಡು ಕಾಲು, ಒಟ್ಟು ಐದು ಕಾಲು. ಅಂದರೆ ಒಂದೂಕಾಲು" ಎಂದಳು. ಛೇದ ಸಮ ಮಾಡುವುದು ಎಂದರೆ ಇಷ್ಟೇ, ಎರಡಕ್ಕೂ ಒಂದೇ ಹೆಸರು ಹುಡುಕಿಕೊಳ್ಳುವುದು. ಲ.ಸಾ.ಅ. ಎಂಬ ಮಾತನ್ನು ಆಮೇಲೆ ಕಲಿಸಿದರಾಯಿತು.

ಮಕ್ಕಳಿಗೆ ಭಿನ್ನರಾಶಿ ತಡವಾಗಿ ಒಲಿದರೆ ಸಿಡುಕಬೇಕಾಗಿಲ್ಲ, ಮನುಕುಲಕ್ಕೇ ಅದು ತಡವಾಗಿ ಒಲಿದದ್ದು. ಕ್ರಿ.ಪೂ. 1550ರ ಸುಮಾರಿಗೆ ಈಜಿಪ್ಟಿನ ಲಿಪಿಕಾರ ಆಹ್ಮೆಸ್ ನಕಲು ಮಾಡಿದ ಪಪೈರಸ್ ಸುರುಳಿಯೊಂದು ಉಳಿದುಕೊಂಡಿದೆ. 2ನ್ನು 3ರಿಂದ 101ರವರೆಗಿನ ಬೆಸಸಂಖ್ಯೆಗಳಿಂದ ಭಾಗಿಸಿದರೆ ಏನು ಬರುತ್ತದೆ ಎಂಬ ಕೋಷ್ಟಕ ಅದರಲ್ಲಿದೆ. ಅವರು 2/3 ಒಂದನ್ನು ಬಿಟ್ಟು ಉಳಿದ ಭಿನ್ನರಾಶಿಗಳನ್ನೆಲ್ಲ ಅಂಶ ಒಂದೇ ಇರುವ ತುಂಡುಗಳಾಗಿ ಒಡೆದು ಬರೆಯುತ್ತಿದ್ದರು. 2/5 ಅವರಿಗೆ 1/3 ಮತ್ತು 1/15ರ ಮೊತ್ತ. ಪಿರಮಿಡ್‌ಗಳ ನಾಡಿನ ಲೆಕ್ಕಿಗರೇ ಇಷ್ಟು ಸುತ್ತುದಾರಿಯಲ್ಲಿ ನಡೆದಿರುವಾಗ, ಹತ್ತು ವರ್ಷದ ಮಗುವಿಗೆ ಎರಡು ವಾರದ ಪಾಠ ಸಾಕು ಎಂದು ನಾವು ಹೇಗೆ ಎಣಿಸಿದೆವೋ!

ಭಿನ್ನರಾಶಿಯ ಭಾಗಾಕಾರದಲ್ಲಿ "ತಿರುಗಿಸಿ ಗುಣಿಸು" ಎಂಬ ನಿಯಮ ಕ್ರಿ.ಶ. 850ರ ಸುಮಾರಿನಲ್ಲಿ ಗಣಿತಜ್ಞ ಮಹಾವೀರಾಚಾರ್ಯರು ಸ್ಪಷ್ಟವಾಗಿ ಹೇಳಿದ್ದು. ಭಾಜಕದ ಛೇದವನ್ನು ಅಂಶ ಮಾಡಿ, ಅಂಶವನ್ನು ಛೇದ ಮಾಡಿ, ಆಮೇಲೆ ಗುಣಾಕಾರದಂತೆ ನಡೆ ಎಂದರು. ನಿಯಮದಲ್ಲಿ ಕುಂದಿಲ್ಲ. ಆದರೆ ಮಗು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಆರರಲ್ಲಿ ಎಷ್ಟು ಅರ್ಧಗಳಿವೆ? ಹನ್ನೆರಡು. ಮುಕ್ಕಾಲಿನಲ್ಲಿ ಎಷ್ಟು ಅರೆಕಾಲುಗಳಿವೆ? ಆರು. ಹೀಗೆ ಹತ್ತಾರು ಸಲ ಪಟ್ಟಿಯ ಮೇಲೆ ಎಣಿಸಿ ನೋಡಿದ ಮಗುವಿಗೆ ನಿಯಮ ತಾನಾಗಿಯೇ ಕಾಣುತ್ತದೆ. ಭಾಗಿಸಿದರೂ ಉತ್ತರ ದೊಡ್ಡದಾಗಬಹುದು ಎಂಬುದು ಆಗ ಅಚ್ಚರಿಯಾಗಿ ಉಳಿಯುವುದಿಲ್ಲ.

ಇಲ್ಲಿ ಒಂದು ತಕರಾರು ಹೇಳಲೇಬೇಕು. ಚಿಕ್ಕ ತರಗತಿಗಳಲ್ಲಿ ನಾವು ಮಕ್ಕಳಿಗೆ ಕೊಡುವ ಕೆಲವು ಮಾತುಗಳಿಗೆ ಅವಧಿ ಇದೆ, ಅವಧಿ ಮುಗಿದದ್ದನ್ನು ಮಾತ್ರ ಯಾರೂ ಅವರಿಗೆ ಹೇಳುವುದಿಲ್ಲ. ಗುಣಿಸಿದರೆ ಹೆಚ್ಚಾಗುತ್ತದೆ, ಭಾಗಿಸಿದರೆ ಕಡಿಮೆಯಾಗುತ್ತದೆ. ಚಿಕ್ಕ ಸಂಖ್ಯೆಯಿಂದ ದೊಡ್ಡದನ್ನು ಕಳೆಯಲು ಬರುವುದಿಲ್ಲ. ಹತ್ತರಿಂದ ಗುಣಿಸಲು ಮುಂದೆ ಒಂದು ಸೊನ್ನೆ ಹಚ್ಚಿದರೆ ಸಾಕು. ಅಂಕಿಗಳು ಹೆಚ್ಚಿದ್ದರೆ ಸಂಖ್ಯೆ ದೊಡ್ಡದು. ಎಂಟು ವರ್ಷದವರೆಗೆ ಇವೆಲ್ಲವೂ ನಿಜ. ಹತ್ತನೇ ವರ್ಷದಲ್ಲಿ ಇವು ಒಂದೊಂದಾಗಿ ಸುಳ್ಳಾಗುತ್ತವೆ. ಮಗು ಮಾತ್ರ ನಂಬಿಕೆಯಿಂದ ಹಳೆಯ ಮಾತನ್ನೇ ಹಿಡಿದು ಹೊರಡುತ್ತದೆ: 2.5ನ್ನು ಹತ್ತರಿಂದ ಗುಣಿಸಿ 2.50 ಎಂದು ಬರೆಯುತ್ತದೆ, 0.35 ದೊಡ್ಡದೋ 0.4 ದೊಡ್ಡದೋ ಎಂದರೆ 0.35 ಎನ್ನುತ್ತದೆ, ಮೂವತ್ತೈದು ನಾಲ್ಕಕ್ಕಿಂತ ದೊಡ್ಡದಲ್ಲವೇ! ಇವು ಅಜಾಗರೂಕತೆಯ ತಪ್ಪುಗಳಲ್ಲ. ಹೇಳಿಕೊಟ್ಟದ್ದನ್ನು ನಿಷ್ಠೆಯಿಂದ ಪಾಲಿಸಿದ್ದರ ಫಲ. ಅಂಥ ತಪ್ಪಿಗೆ ಮಗುವನ್ನು ಗದರುವುದನ್ನು ಕಂಡಾಗ ನನಗೆ ಸಹಿಸಲಾಗುವುದಿಲ್ಲ.

ದಶಮಾಂಶವನ್ನು ಹಣದ ಮೂಲಕ ಕಲಿಸುವ ರೂಢಿ ಎಲ್ಲೆಡೆ ಇದೆ. ಅದರಲ್ಲೊಂದು ಅಪಾಯವೂ ಇದೆ. ಚುಕ್ಕೆಯ ಆಚೆಗೊಂದು, ಈಚೆಗೊಂದು, ಎರಡು ಬೇರೆ ಬೇರೆ ಪೂರ್ಣಸಂಖ್ಯೆಗಳು ಎಂಬ ಭಾವನೆ ಗಟ್ಟಿಯಾಗುತ್ತದೆ. ದಶಮಾಂಶ ಸ್ಥಾನಬೆಲೆಯ ಮುಂದುವರಿಕೆ ಎಂದು ಕಾಣಿಸಿಕೊಡುವುದೇ ಮೇಲು. ಬಿಡಿಯಿಂದ ಎಡಕ್ಕೆ ಹೋದಂತೆ ಪ್ರತಿ ಮನೆಯೂ ಹತ್ತು ಪಟ್ಟು, ಬಲಕ್ಕೆ ಬಂದಂತೆ ಹತ್ತರಲ್ಲೊಂದು ಪಾಲು. ಬಿಡಿಯ ಮನೆಯಲ್ಲಿ ಈ ಇಳಿತ ಯಾಕೆ ನಿಲ್ಲಬೇಕು? ಈ ಪ್ರಶ್ನೆಯನ್ನು ಗಟ್ಟಿಯಾಗಿ ಹಿಡಿದು 1585ರಲ್ಲಿ ಸಿಮೋನ್ ಸ್ಟೆವಿನ್ ಎಂಬ ಎಂಜಿನಿಯರ್ ಯೂರೋಪಿನಲ್ಲಿ ದಶಮಾಂಶದ ಲೆಕ್ಕವನ್ನು ಜನಸಾಮಾನ್ಯರ ಕೈಗೆ ತಲುಪಿಸಲು ಒಂದು ಕಿರುಪುಸ್ತಿಕೆ ಬರೆದ. ಪೂರ್ಣಸಂಖ್ಯೆಗಳ ಸ್ಥಾನಬೆಲೆ ಅದಕ್ಕೂ ಎಷ್ಟೋ ಶತಮಾನ ಹಳೆಯದು. ಬಲಕ್ಕೆ ಒಂದು ಮನೆ ಕಟ್ಟಿಕೊಳ್ಳಲು ಅಷ್ಟು ಕಾಲ ಹಿಡಿಯಿತು.

ಇನ್ನು ಮಗ್ಗಿ. ಮಗ್ಗಿ ಬಾಯಿಗೆ ಬರಬೇಕೇ ಬೇಡವೇ ಎಂಬ ಜಗಳದಲ್ಲಿ ನಾನು ಬರಬೇಕು ಎನ್ನುವವರ ಪರ. ಏಳೆಂಟಲ ಐವತ್ತಾರು ಎನ್ನಲು ಬೆರಳು ಮಡಚುತ್ತ ಕೂರುವ ಮಗು 35/56ನ್ನು ಸಂಕ್ಷೇಪಿಸುವಾಗ ಯೋಚಿಸಬೇಕಾದದ್ದನ್ನೇ ಮರೆಯುತ್ತದೆ. ಆದರೆ ಮಗ್ಗಿ ಸಂಬಂಧಗಳ ಸಮೇತ ಬರಬೇಕು. ಏಳು ನಾಲ್ಕಲ ಇಪ್ಪತ್ತೆಂಟು, ಅದರ ಎರಡರಷ್ಟು ಏಳೆಂಟಲ. ಏಳೇಳಲ ನಲವತ್ತೊಂಬತ್ತು, ಇನ್ನೊಂದು ಏಳು ಸೇರಿದರೆ ಅದೇ ಐವತ್ತಾರು. ಮರೆತರೂ ಮರಳಿ ಬರಲು ಎರಡು ದಾರಿ ಗೊತ್ತಿರುವ ಮಗುವಿಗೆ ಭಯವಿರುವುದಿಲ್ಲ. ಗಡಿಯಾರ ಹಿಡಿದು ಒಂದು ನಿಮಿಷದಲ್ಲಿ ಎಷ್ಟು ಉತ್ತರ ಎಂದು ಓಡಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಿಧಾನವಾಗಿ ಆಳಕ್ಕೆ ಇಳಿಯುವ ಮಕ್ಕಳನ್ನು ಅದು ಗಣಿತದಿಂದ ದೂರ ತಳ್ಳುತ್ತದೆ.

ದೊಡ್ಡ ಗುಣಾಕಾರಕ್ಕೆ ಬಂದರೆ, ಚೌಕಳಿ ಹಾಳೆಯ ಮೇಲೆ 23 ಮನೆ ಉದ್ದ, 14 ಮನೆ ಅಗಲದ ಒಂದು ಆಯತ ಬರೆದರೆ ಸಾಕು. ಉದ್ದವನ್ನು 20 ಮತ್ತು 3 ಎಂದು, ಅಗಲವನ್ನು 10 ಮತ್ತು 4 ಎಂದು ಒಡೆಯುವ ಎರಡು ಗೆರೆ ಎಳೆದರೆ ನಾಲ್ಕು ಕೋಣೆಗಳಾಗುತ್ತವೆ: 200, 80, 30, 12. ಒಟ್ಟು 322. ಒಂದರ ಕೆಳಗೊಂದು ಬರೆದು ಮಾಡುವ ಗುಣಾಕಾರದಲ್ಲಿ ಎರಡನೇ ಸಾಲನ್ನು ಒಂದು ಮನೆ ಎಡಕ್ಕೆ ಸರಿಸುವುದು ಯಾಕೆ ಎಂದು ನನಗೆ ಅರ್ಥವಾದದ್ದು ದೊಡ್ಡವಳಾದ ಮೇಲೆ, ಇಂಥ ಒಂದು ಚಿತ್ರ ನೋಡಿದಾಗ. ನಾಲ್ಕೈದು ವರ್ಷಗಳ ನಂತರ ಮಗು (a+b)(c+d) ಎಂಬುದನ್ನು ಬಿಡಿಸಬೇಕಾಗಿ ಬಂದಾಗಲೂ ಅದೇ ನಾಲ್ಕು ಕೋಣೆಗಳು ಎದುರಾಗುತ್ತವೆ. ಮೂರಂಕಿಯ ಸಂಖ್ಯೆಯನ್ನು ಎರಡಂಕಿಯದರಿಂದ ಗುಣಿಸಲು, ನಾಲ್ಕಂಕಿಯದನ್ನು ಎರಡಂಕಿಯದರಿಂದ ಭಾಗಿಸಲು ಅರ್ಥಸಹಿತ ಬಂದರೆ ಸಾಕು. ಅದರಾಚೆಗಿನ ಉದ್ದುದ್ದದ ಲೆಕ್ಕಗಳಿಗೆ ಕೊಡುವ ಗಂಟೆಗಳನ್ನು ಭಿನ್ನರಾಶಿಗೆ ಕೊಡಬೇಕು ಎಂದು ಒತ್ತಿ ಹೇಳುತ್ತೇನೆ.

ಭಾಗಾಕಾರದಲ್ಲಿ ಶೇಷ ಉಳಿಯುತ್ತದಲ್ಲ, ಅದನ್ನು ಏನು ಮಾಡಬೇಕು ಎಂಬುದನ್ನೂ ಕಲಿಸಬೇಕು. ಅದೇ ಅಮೆರಿಕದ ಮೌಲ್ಯಮಾಪನದ 1983ರ ಸುತ್ತಿನಲ್ಲಿ ಒಂದು ಪ್ರಶ್ನೆ ಇತ್ತು. ಒಂದು ಬಸ್ಸಿನಲ್ಲಿ 36 ಸೈನಿಕರು ಕೂರಬಹುದು, 1,128 ಸೈನಿಕರನ್ನು ಕರೆದೊಯ್ಯಲು ಎಷ್ಟು ಬಸ್ಸು ಬೇಕು? ಹತ್ತರಲ್ಲಿ ಸುಮಾರು ಏಳು ಮಕ್ಕಳು ಭಾಗಾಕಾರವನ್ನು ಸರಿಯಾಗಿಯೇ ಮಾಡಿದರು. ಆದರೆ 32 ಬಸ್ಸು ಎಂದವರು ಕಾಲು ಭಾಗಕ್ಕಿಂತ ಕಡಿಮೆ. ಅದಕ್ಕಿಂತ ಹೆಚ್ಚು ಮಕ್ಕಳು "31 ಬಸ್ಸು, ಶೇಷ 12" ಎಂದು ಬರೆದಿದ್ದರು. ಹನ್ನೆರಡು ಮಂದಿ ಸೈನಿಕರು ಉತ್ತರಪತ್ರಿಕೆಯಲ್ಲಿ ಶೇಷವಾಗಿ ನಿಂತೇ ಇದ್ದಾರೆ, ಮಗುವಿಗೆ ಅವರು ಕಾಣುತ್ತಿಲ್ಲ. ಲೆಕ್ಕ ಬರುತ್ತದೆ, ಲೆಕ್ಕ ಯಾವುದರ ಬಗ್ಗೆ ಎಂಬುದು ಬಿಟ್ಟುಹೋಗಿದೆ. ವಾಕ್ಯರೂಪದ ಲೆಕ್ಕ ಮುಗಿದಾಗಲೆಲ್ಲ ಉತ್ತರವನ್ನು ಒಂದು ಪೂರ್ಣ ವಾಕ್ಯವಾಗಿ ಗಟ್ಟಿಯಾಗಿ ಓದಿಸುವುದು ನನ್ನ ರೂಢಿ. "ಮೂವತ್ತೊಂದು ಬಸ್ಸು, ಶೇಷ ಹನ್ನೆರಡು ಬೇಕು" ಎಂದು ತನ್ನ ಬಾಯಿಂದಲೇ ಬಂದರೆ ಎಂಥ ಮಗುವೂ ಒಂದು ಕ್ಷಣ ತಡೆಯುತ್ತದೆ.

ಸಮಚಿಹ್ನೆಯ ಕಥೆ ಇನ್ನೊಂದು. 8 + 4 = □ + 5 ಎಂದು ಬರೆದು ಖಾಲಿ ಮನೆ ತುಂಬಲು ಹೇಳಿ ನೋಡಿ. 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಆರನೇ ತರಗತಿಯ 145 ಮಕ್ಕಳಿಗೆ ಇದನ್ನು ಕೊಟ್ಟಾಗ ಅಷ್ಟೂ ಮಂದಿ 12 ಅಥವಾ 17 ಎಂದು ಬರೆದರು, 7 ಎಂದವರು ಒಬ್ಬರೂ ಇರಲಿಲ್ಲ. ವರ್ಷಗಟ್ಟಲೆ ಸಮಚಿಹ್ನೆಯ ಬಲಕ್ಕೆ ಉತ್ತರವನ್ನಷ್ಟೇ ಕಂಡ ಮಕ್ಕಳಿಗೆ ಅದು "ಈಗ ಉತ್ತರ ಬರೆ" ಎಂಬ ಆಜ್ಞೆಯಾಗಿಬಿಟ್ಟಿದೆ. 1557ರಲ್ಲಿ ವೇಲ್ಸಿನ ಗಣಿತಜ್ಞ ರಾಬರ್ಟ್ ರೆಕಾರ್ಡ್ ಈ ಚಿಹ್ನೆಯನ್ನು ಬಳಕೆಗೆ ತಂದಾಗ, ಒಂದೇ ಉದ್ದದ ಎರಡು ಸಮಾಂತರ ಗೆರೆಗಳಿಗಿಂತ ಹೆಚ್ಚು ಸಮನಾದ ವಸ್ತುಗಳಿಲ್ಲ ಎಂಬ ಕಾರಣ ಕೊಟ್ಟಿದ್ದ. ಈ ಕೊರತೆಯನ್ನು ತುಂಬಲು ಪುಸ್ತಕ ಬದಲಾಗಬೇಕಿಲ್ಲ, ಉಪಕರಣ ಬೇಕಿಲ್ಲ. ದಿನಕ್ಕೆ ಎರಡು ಸಲ ಲೆಕ್ಕವನ್ನು ತಿರುಗಿಸಿ ಬರೆದರೆ ಸಾಕು: 12 = 8 + 4, 6 × 5 = 3 × 10.

ಈ ವಯಸ್ಸಿನ ಕೊನೆಗೆ ಮಗು ಏರಬೇಕಾದ ಅತಿ ಕಡಿದಾದ ಮೆಟ್ಟಿಲು ಬೇರೆಯೇ ಇದೆ. ಎಷ್ಟು ಹೆಚ್ಚು ಎಂದು ಕೇಳುವುದಕ್ಕೂ ಎಷ್ಟು ಪಟ್ಟು ಎಂದು ಕೇಳುವುದಕ್ಕೂ ಇರುವ ಅಂತರ ಅದು. 2 ಸೆಂ.ಮೀ. ಇದ್ದ ಸಸಿ 5 ಆಯಿತು, 8 ಇದ್ದದ್ದು 11 ಆಯಿತು. ಎರಡೂ ಮೂರು ಸೆಂ.ಮೀ. ಬೆಳೆದಿವೆ, ಆದರೆ ಮೊದಲನೆಯದು ತನ್ನ ಎರಡೂವರೆ ಪಟ್ಟಾಗಿದೆ. ಯಾವುದು ಹೆಚ್ಚು ಬೆಳೆದಂತೆ? ಎರಡು ಉತ್ತರಗಳೂ ನಿಲ್ಲುತ್ತವೆ, ಆದರೆ ಅವೆರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಎಂದು ಮಗುವಿಗೆ ಹೊಳೆಯಬೇಕು.

ಇದಕ್ಕೆ ಫ್ರಾನ್ಸಿನ ಗಣಿತ ಶಿಕ್ಷಣತಜ್ಞ ಗೀ ಬ್ರೂಸೋ ರೂಪಿಸಿದ ಚಟುವಟಿಕೆಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಒಂದು ಚೌಕವನ್ನು ಹಲವು ತುಂಡು ಮಾಡಿ, ಮೂಲದಲ್ಲಿ 4 ಸೆಂ.ಮೀ. ಇರುವ ಬದಿ ಹೊಸದರಲ್ಲಿ 7 ಸೆಂ.ಮೀ. ಆಗುವಂತೆ ಇಡೀ ಚೌಕವನ್ನು ದೊಡ್ಡದು ಮಾಡಿ ಎಂದು ಹೇಳಿ, ಒಬ್ಬೊಬ್ಬರಿಗೆ ಒಂದೊಂದು ತುಂಡು ಹಂಚುವುದು. ಅಣ್ಣನ ಮಗಳು ಮತ್ತು ಅವಳ ಮೂವರು ಗೆಳತಿಯರಿಗೆ ನಾನು ಇದನ್ನು ಕೊಟ್ಟೆ. ನಾಲ್ಕಕ್ಕೆ ಏಳು, ಅಂದರೆ ಮೂರು ಹೆಚ್ಚು. ನಾಲ್ವರೂ ಪ್ರತಿ ಬದಿಗೂ ಮೂರು ಮೂರು ಸೇರಿಸಿ, ಅಳೆದು, ಅಚ್ಚುಕಟ್ಟಾಗಿ ಕತ್ತರಿಸಿದರು. ಜೋಡಿಸಲು ಹೋದರೆ ಕೂಡುವುದೇ ಇಲ್ಲ. ಮೊದಲು ಒಬ್ಬಳ ಕತ್ತರಿಯ ಮೇಲೆ ತಪ್ಪು ಹೊರಿಸಿದರು, ಆಮೇಲೆ ಇನ್ನೊಬ್ಬಳ ಅಳತೆಪಟ್ಟಿಯ ಮೇಲೆ. ಕೊನೆಗೆ ಅವರಲ್ಲಿ ಅತಿ ಮೌನಿಯಾದವಳು ಮೆಲ್ಲಗೆ ಹೇಳಿದಳು: "ಈ ಕಡೆ ಎರಡು ತುಂಡು ಸೇರಿವೆ, ಇಲ್ಲಿ ಆರು ಹೆಚ್ಚಾಯಿತು. ಎದುರಿಗೆ ಒಂದೇ ತುಂಡಿದೆ, ಅಲ್ಲಿ ಮೂರೇ ಹೆಚ್ಚಾಯಿತು." ಕೋಣೆ ನಿಶ್ಶಬ್ದವಾಯಿತು. ಕೂಡಿದ್ದು ತಪ್ಪಾಗಿರಲಿಲ್ಲ, ಕೂಡುವುದೇ ಅಲ್ಲಿ ತಪ್ಪಾಗಿತ್ತು. 4 ಸೆಂ.ಮೀ. 7 ಆಗುವುದಾದರೆ 1 ಸೆಂ.ಮೀ. ಎಷ್ಟಾಗುತ್ತದೆ ಎಂದು ಅವರು ಹುಡುಕಲು ಮರುದಿನದವರೆಗೆ ಹಿಡಿಯಿತು. ಏಳನ್ನು ನಾಲ್ಕು ಪಾಲು ಮಾಡಬೇಕು, 7/4. ಭಿನ್ನರಾಶಿ ಆ ದಿನ ಯಾರ ಹೇಳಿಕೆಯೂ ಇಲ್ಲದೆ ಬೇಕಾಗಿ ಬಂತು. ಶೇಕಡಾ, ಅನುಪಾತ, ವೇಗ, ನಕ್ಷೆಯ ಅಳತೆ, ಎಲ್ಲದರ ಬೇರೂ ಇಲ್ಲಿದೆ.

ರೇಖಾಗಣಿತದಲ್ಲಿ ನಾನು ಹೆಚ್ಚು ಕೇಳುವುದಿಲ್ಲ. ಕೋನ ಎಂದರೆ ತಿರುಗಿದ ಪ್ರಮಾಣ, ತೋಳುಗಳನ್ನು ಉದ್ದ ಮಾಡಿದರೆ ಅದು ದೊಡ್ಡದಾಗುವುದಿಲ್ಲ ಎಂದು ತಿಳಿಯಲಿ. ಸುತ್ತಳತೆ ಬೇರೆ, ವಿಸ್ತೀರ್ಣ ಬೇರೆ ಎಂದು ಕೈಯಿಂದ ತಿಳಿಯಲಿ. 24 ಸೆಂ.ಮೀ. ಉದ್ದದ ದಾರದ ತುದಿಗಳನ್ನು ಕಟ್ಟಿ ಆಯತಗಳನ್ನು ಮಾಡಿಸಿ. 11 ಉದ್ದ 1 ಅಗಲ ಇಟ್ಟರೆ ಒಳಗೆ 11 ಚೌಕ, 8 ಮತ್ತು 4 ಇಟ್ಟರೆ 32, ಆರಾರು ಇಟ್ಟರೆ 36. ದಾರ ಅದೇ. ಸರಾಸರಿಯನ್ನೂ ಸೂತ್ರವಾಗಿ ಕೊಡುವ ಮೊದಲು ಸಮ ಮಾಡಿ ಹಂಚುವುದು ಎಂದು ತೋರಿಸಿದರೆ ಅಷ್ಟಕ್ಕೇ ನಿಲ್ಲಿಸಬಹುದು. ಋಣಸಂಖ್ಯೆಗಳ ಪರಿಚಯ ಸೊನ್ನೆಯ ಎಡಕ್ಕೂ ರೇಖೆ ಮುಂದುವರಿಯುತ್ತದೆ ಎಂಬಷ್ಟಕ್ಕೆ ಸಾಕು. 628ರಲ್ಲಿ ಬ್ರಹ್ಮಗುಪ್ತ ಧನ, ಋಣ, ಶೂನ್ಯಗಳ ನಿಯಮಗಳನ್ನು ಬರೆದಿಟ್ಟ ಎಷ್ಟೋ ಶತಮಾನಗಳ ಮೇಲೂ ಅನೇಕ ಗಣಿತಜ್ಞರು ಋಣಸಂಖ್ಯೆಯನ್ನು ಸಂಖ್ಯೆ ಎಂದು ಒಪ್ಪಲು ಹಿಂಜರಿದರು. ಮಕ್ಕಳನ್ನು ಅವಸರಪಡಿಸಬೇಕಾಗಿಲ್ಲ.

ಅವಸರವಿಲ್ಲದೆ ಪ್ರತಿದಿನ ಮಾಡಿಸಬೇಕಾದದ್ದು ಅಂದಾಜು. ಲೆಕ್ಕ ಶುರುಮಾಡುವ ಮೊದಲು ಉತ್ತರ ಎಲ್ಲಿ ಬೀಳಬಹುದು ಎಂದು ಮಗು ಹೇಳಲಿ, ಬರೆಯುವುದೂ ಬೇಡ. 48 × 21 ಎಂದರೆ ಐವತ್ತು ಇಪ್ಪತ್ತಲ ಸಾವಿರ, ಆ ಆಸುಪಾಸು. 10,008 ಎಂದು ಬಂದರೆ ಎಲ್ಲೋ ಒಂದು ಮನೆ ಜಾರಿದೆ. ಅಂದಾಜನ್ನು ಪ್ರತ್ಯೇಕ ಪಾಠ ಮಾಡಿ, ಹತ್ತಿರದ ನೂರಕ್ಕೆ ಬರೆಯಿರಿ ಎಂದು ಪರೀಕ್ಷೆಗೆ ಇಟ್ಟುಬಿಟ್ಟರೆ ಅದರ ಜೀವ ಹೋಗುತ್ತದೆ. ಮಕ್ಕಳು ಮೊದಲು ಲೆಕ್ಕ ಮಾಡಿ, ಬಂದ ಉತ್ತರವನ್ನು ಆಮೇಲೆ ದುಂಡಗೆ ಮಾಡಿ ಅಂದಾಜಿನ ಜಾಗದಲ್ಲಿ ತುಂಬುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಕಳೆದ ತಿಂಗಳು ಅಣ್ಣನ ಮಗಳು ಬಂದಿದ್ದಳು. ಈಗ ಅವಳಿಗೆ ಹನ್ನೆರಡು. ಹಳೆಯ ಪಟ್ಟಿಗಳು ನನ್ನ ಮೇಜಿನ ಖಾನೆಯಲ್ಲಿ ಹಾಗೆಯೇ ಇದ್ದವು. ಅವುಗಳನ್ನು ಮತ್ತೆ ಒಂದರ ಕೆಳಗೊಂದು ಜೋಡಿಸಿ ನೋಡುತ್ತಿದ್ದವಳು, "ಅತ್ತೆ, ಆ ದಿನ 4/6 ಅನ್ನುವುದು 3/4ಕ್ಕಿಂತ ಕಡಿಮೆ ಎಂದಷ್ಟೇ ನೋಡಿದೆವು. ಅದು 1/2ಕ್ಕಿಂತ ಹೆಚ್ಚೂ ಇದೆ. ಎರಡರ ನಡುವೆ ಬಿದ್ದಿದೆ" ಎಂದಳು.

ನಾನು ಕುರ್ಚಿ ಎಳೆದುಕೊಂಡು ಕುಳಿತೆ. ನಾಲ್ಕು ಪ್ರಶ್ನೆಗಳಲ್ಲಿ ಮೂರು ಸರಿ, ಆಮೇಲಿನ ಎರಡರಲ್ಲಿ ಒಂದು ಸರಿ ಎಂದಾದರೆ ಒಟ್ಟು ಎಷ್ಟರಲ್ಲಿ ಎಷ್ಟು ಸರಿ ಎಂದು ಕೇಳಿದೆ. "ಆರರಲ್ಲಿ ನಾಲ್ಕು" ಎಂದವಳೇ ಕಣ್ಣರಳಿಸಿದಳು. ಎರಡು ವರ್ಷಗಳ ಹಿಂದೆ ಅಡ್ಡಗೆರೆ ಬಿದ್ದ ಆ ಉತ್ತರ ಬೇರೊಂದು ಪ್ರಶ್ನೆಗೆ ಸರಿಯಾದ ಉತ್ತರವಾಗಿತ್ತು. 1816ರಲ್ಲಿ ಜಾನ್ ಫೇರಿ ಎಂಬ ಭೂವಿಜ್ಞಾನಿ ಕ್ರಮವಾಗಿ ಜೋಡಿಸಿದ ಭಿನ್ನರಾಶಿಗಳಲ್ಲಿ ಇಂಥದ್ದೇ ಒಂದು ಗುಣವನ್ನು ಗಮನಿಸಿ ಬರೆದಿದ್ದ ಎಂದು ಹೇಳೋಣವೆನಿಸಿತು, ಆದರೆ ಅವಳು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಪೆನ್ಸಿಲ್ ತೆಗೆದುಕೊಂಡು 1/3 ಮತ್ತು 1/2 ಬರೆದು ನಡುವೆ 2/5 ಬರೆದಳು. 1/3 ಮತ್ತು 2/5ರ ನಡುವೆ 3/8. 2/5 ಮತ್ತು 1/2ರ ನಡುವೆ 3/7. ಪ್ರತಿಯೊಂದನ್ನೂ ದಶಮಾಂಶಕ್ಕೆ ಇಳಿಸಿ ಸರಿಯಾದ ಜಾಗದಲ್ಲಿದೆಯೇ ಎಂದು ನೋಡಿಕೊಂಡಳು. ಹಾಳೆಯ ಅಂಚಿನವರೆಗೆ ಬರೆದು, ಜಾಗ ಸಾಲದೆ ಹಾಳೆಯನ್ನು ಅಡ್ಡಲಾಗಿ ತಿರುಗಿಸಿಕೊಂಡು, ತಲೆ ಎತ್ತದೆಯೇ ಕೇಳಿದಳು:

"ಯಾವಾಗಲೂ ನಡುವೆಯೇ ಬೀಳುತ್ತದೆಯೇ ಅತ್ತೆ? ಯಾಕೆ?"